ದಿನಾ ಸಿಗಡಿ ಕೊಟ್ರೂ ಅನಿಮೋನ್ ಸೊರಗುದು ಎಂತಕ್ಕೆ?

ಪ್ರಶ್ನೆ: ನಾನು ಬದಿಯಡ್ಕ ಹತ್ತಿರದ ಶಾಲೆಯೊಂದರಲ್ಲಿ ಮಾಷ್ಟ್ರು. ಮನೆಯಲ್ಲಿ 200 ಲೀಟರಿನ ಉಪ್ಪುನೀರಿನ ಟ್ಯಾಂಕ್ ಉಂಟು, ಶುರು ಮಾಡಿ ಏಳು ತಿಂಗಳಾಯ್ತು. ಮೇ ತಿಂಗಳಲ್ಲಿ ಒಂದು ಬಬಲ್ ಟಿಪ್ ಅನಿಮೋನ್ (ಹೂವಿನ ಹಾಗೆ ಕಾಣುವ ಕಡಲಪ್ರಾಣಿ), ಎರಡು ಒಸೆಲ್ಲಾರಿಸ್ ಕ್ಲೌನ್ ಮೀನು ತಂದೆ. ದಿನಾ ಒಂದು ಸಿಗಡಿ ಹಾಕಿ ಅಂತ ಅಂಗಡಿಯವರು ಹೇಳಿದ್ರು, ಹಾಗೇ ಹಾಕ್ತಾ ಇದ್ದೇನೆ. ಸಂಜೆ ನುಂಗ್ತದೆ, ಬೆಳಿಗ್ಗೆ ನೋಡಿದ್ರೆ ಲೋಳೆ ಸುತ್ತಿ ಹೊರಗೆ ಹಾಕಿರ್ತದೆ. ತಂದಾಗ ಊಟದ ಬಟ್ಟಲಿನಷ್ಟು ಅಗಲ ಇತ್ತು, ಈಗ ಚಹಾ ಗ್ಲಾಸಿನ ಬಾಯಿಯಷ್ಟಾಗಿದೆ, ಬಣ್ಣವೂ ಬಿಳಿಚಿದೆ. ಲೈಟ್ ಅಂದ್ರೆ ಒಂದು ಎಲ್‌ಇಡಿ ಟ್ಯೂಬ್. ನೀರು ಕುಂಬಳೆ ಕಡಲಿನದ್ದು, ಆವಿಯಾಗಿ ಕಮ್ಮಿಯಾದದ್ದಕ್ಕೆ ನಮ್ಮ ಸುರಂಗದ (ಗುಡ್ಡಕ್ಕೆ ಅಡ್ಡ ಕೊರೆದ ಬಾವಿ) ನೀರು ಹಾಕುದು. ಇನ್ನೊಂದು ವಿಷಯ, ನಮ್ಮ ಮನೆಯೊಳಗೆ ಮೀನು ತರುವ ಕ್ರಮ ಇಲ್ಲ, ಸಿಗಡಿಯನ್ನು ತೋಟದ ಪಂಪ್‌ಶೆಡ್ಡಲ್ಲಿ ಕತ್ತರಿಸಿ ಗುಟ್ಟಲ್ಲಿ ತರುದು. ಊಟ ಸಾಲ್ತಾ ಇಲ್ವಾ? ದಿನಕ್ಕೆ ಎರಡು ಕೊಡ್ಬೇಕಾ?

ಉತ್ತರ: ಬೇಡ ಮಾಷ್ಟ್ರೇ, ಎರಡೂ ಬೇಡ ಒಂದೂ ಬೇಡ, ಇವತ್ತಿಂದ ನಾಲ್ಕೈದು ದಿನ ಅದರ ಬಾಯಿಗೆ ಎಂತದ್ದೂ ಇಡ್ಬೇಡಿ. ನೀವು ಬರೆದದ್ದನ್ನು ಎರಡು ಸಲ ಓದಿದೆ, ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು, ಬಾಯಿಗೆ ತುರುಕುದು ಜಾಸ್ತಿಯಾಗಿದೆ, ಬೆಳಕಿನ ಉಪವಾಸ ಬಿದ್ದಿದೆ, ಮತ್ತೆ ಆ ಪಂಪ್‌ಶೆಡ್ ಅಂದದ್ದು ನೋಡಿ ನನಗೆ ಸ್ವಲ್ಪ ಹೆದರಿಕೆಯೂ ಆಯ್ತು. ಅದಕ್ಕೆ ಆಮೇಲೆ ಬರ್ತೇನೆ.

ಮೊದಲು ಆ ಕಕ್ಕುವ ಕಥೆ. ಅನಿಮೋನಿಗೆ ಇರುದು ಒಂದೇ ಬಾಗಿಲು, ಊಟ ಒಳಗೆ ಹೋಗುದೂ ಅಲ್ಲಿಂದಲೇ, ಕಸ ಹೊರಗೆ ಬರುದೂ ಅಲ್ಲಿಂದಲೇ. ಒಳಗೆ ನಮ್ಮ ಹಾಗೆ ಕರುಳು ಜಠರ ಅಂತೆಲ್ಲ ಬೇರೆ ಬೇರೆ ಇಲ್ಲ, ಒಂದು ಚೀಲ, ಆ ಚೀಲದ ಗೋಡೆಯಿಂದ ಒಳಗೆ ಚಾಚಿದ ಪದರ ಪದರ, ಆ ಪದರಗಳ ಅಂಚಿನಲ್ಲಿ ಇರುವ ದಾರದಂಥ ಭಾಗ ಊಟಕ್ಕೆ ತಾಗಿ ರಸ ಬಿಟ್ಟು ಕರಗಿಸ್ತದೆ. ತಾಗಿದಲ್ಲಿ ಮಾತ್ರ ಕರಗುದು. ಒಂದು ಇಡೀ ಸಿಗಡಿಯನ್ನು ಚೀಲಕ್ಕೆ ಹಾಕಿದ್ರೆ ಹೊರಗಿನ ಪದರ ಕರಗುವ ಹೊತ್ತಿಗೆ ಒಳಗಿನ ಮಾಂಸ ಕೊಳೀಲಿಕ್ಕೆ ಶುರು, ನಮ್ಮಲ್ಲಿ ನೀರಿನ ಬಿಸಿ ಬೇರೆ ಜಾಸ್ತಿ, ಕೊಳೆತದ್ದನ್ನು ಅದು ಇಟ್ಕೊಳ್ಳುದಿಲ್ಲ, ಲೋಳೆ ಸುತ್ತಿ ದೂಡ್ತದೆ. ದೂಡ್ಲಿಕ್ಕೆ ಲೋಳೆ ಮಾಡ್ಬೇಕು, ಮೈ ಕುಗ್ಗಿಸ್ಬೇಕು, ಎಲ್ಲದಕ್ಕೂ ಶಕ್ತಿ ಬೇಕು. ಒಟ್ಟಾರೆ ನೀವು ಕೊಟ್ಟದ್ದರಿಂದ ಅದಕ್ಕೆ ಸಿಕ್ಕಿದ್ದು ಚೂರು, ಹೋದದ್ದು ಜಾಸ್ತಿ, ದಿನಾ ಹೀಗೇ ಆದ್ರೆ ಸೊರಗದೆ ಇನ್ನೆಂತ ಆಗುದು.

ಒಂದು ಗುರುತು ಹೇಳ್ತೇನೆ. ಊಟ ಕೊಟ್ಟು ಒಂದು ದಿನ ಎರಡು ದಿನ ಕಳೆದ ಮೇಲೆ ಕಂದು ಬಣ್ಣದ ನೂಲು ನೂಲಿನ ಹಾಗಿನದ್ದು ಬಾಯಿಯಿಂದ ಬಂದ್ರೆ ಅದು ಹೇಲು, ಸರಿ ಉಂಟು, ಜೀರ್ಣ ಆಗಿದೆ. ಹಾಕಿದ ಸಿಗಡಿಯೇ ಬಿಳಿ ಬಿಳಿಯಾಗಿ ಆಕಾರ ಸಮೇತ ವಾಪಸ್ ಬಂದ್ರೆ ಅದು ವಾಂತಿ. ನಿಮ್ಮದು ವಾಂತಿ.

ಇನ್ನು ಬೆಳಕು. ನೀವು ಸಾಕಿದ ಬಬಲ್ ಟಿಪ್‌ನ ಮೈಯ ಜೀವಕೋಶದ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸ ಮಾಡ್ತದೆ, ಜೂಸಾಂಥೆಲ್ಲೆ ಅಂತ ಅದಕ್ಕೆ ಹೇಳುದು, ಅನಿಮೋನಿನ ಆ ಕಂದು ಬಣ್ಣ ಇದ್ದದ್ದೇ ಅದರದ್ದು. ಆ ಪಾಚಿ ಬೆಳಕಲ್ಲಿ ಸಕ್ಕರೆ ಮಾಡ್ತದೆ, ಮಾಡಿದ್ದರಲ್ಲಿ ದೊಡ್ಡ ಪಾಲನ್ನು ಮನೆ ಕೊಟ್ಟ ಅನಿಮೋನಿಗೆ ಕೊಡ್ತದೆ, ಅನಿಮೋನಿನ ಉಸಿರು ಹೊಲಸಿಂದ ಬರುವ ಕಾರ್ಬನ್ ಡೈಆಕ್ಸೈಡ್, ಅಮೋನಿಯ ತಾನು ತಗೊಳ್ತದೆ. ನೀವು ಶಾಲೆಯಲ್ಲಿ ಮಕ್ಕಳಿಗೆ ಕಲ್ಲುಹೂವಿನ ಪಾಠ ಮಾಡ್ತೀರಲ್ಲ, ಶಿಲೀಂಧ್ರ ಪಾಚಿ ಒಟ್ಟಿಗೆ ಇರುದು, ಅದರ ಕಡಲಿನ ತಮ್ಮ ಇದು ಅಂತ ಇಟ್ಕೊಳ್ಳಿ. ದಿನನಿತ್ಯದ ಶಕ್ತಿ ಬರುದು ಮುಖ್ಯವಾಗಿ ಇಲ್ಲಿಂದ. ಹಾಗಾದ್ರೆ ಸಿಗಡಿ ಎಂತಕ್ಕೆ? ಸಕ್ಕರೆಯಿಂದ ಮೈ ಬೆಳೀಲಿಕ್ಕೆ ಆಗುದಿಲ್ಲ, ಪ್ರೋಟೀನ್ ಬೇಕು, ಸಾರಜನಕ ರಂಜಕ ಬೇಕು, ಅದು ಹೆಚ್ಚಾಗಿ ಬಾಯಿಯಿಂದ ಬರ್ಬೇಕು. ನಮ್ಮ ಬೆಳಗ್ಗಿನ ಗಂಜಿ ಇದ್ದ ಹಾಗೆ ಬೆಳಕು, ಬದಿಯಲ್ಲಿ ಚೂರು ನಂಜಿಕೊಳ್ಳುವ ಉಪ್ಪಿನಕಾಯಿ ಇದ್ದ ಹಾಗೆ ಸಿಗಡಿ. ನೀವು ಗಂಜಿಯೇ ಬಡಿಸದೆ ದಿನಾ ಒಂದು ಬಟ್ಟಲು ಉಪ್ಪಿನಕಾಯಿ ಇಡ್ತಾ ಇದ್ದೀರಿ.

ಆ ಒಂದು ಟ್ಯೂಬ್ ಲೈಟಿಂದ ಮೀನು ನಮಗೆ ಕಾಣ್ತದೆ, ಅಷ್ಟೇ ಅದರ ಉಪಯೋಗ. ಅನಿಮೋನಿಗೆ ಹವಳ ಸಾಕುವ ರೀಫ್ ಟ್ಯಾಂಕಿಗೆ ಅಂತಲೇ ಬರುವ ಎಲ್‌ಇಡಿ ಬೇಕು, ನೀಲಿ ಬಿಳಿ ಎರಡೂ ಇರುದು, ದಿನಕ್ಕೆ 8ರಿಂದ 10 ಗಂಟೆ. ಪಾಚಿಗೆ ಉಪಯೋಗ ಆಗುವ ಬೆಳಕನ್ನು ಅಳೆಯುವ ಪಾರ್ ಮೀಟರ್ ಯಾರ ಹತ್ತಿರ ಆದ್ರೂ ಸಾಲ ಸಿಕ್ಕಿದ್ರೆ ಅಳೆದು ನೋಡಿ, ಬಬಲ್ ಟಿಪ್ ಕೂತಲ್ಲಿ 150ರಿಂದ 250 ಬಂದ್ರೆ ನಾನು ಖುಷಿಪಡ್ತೇನೆ. ಆದ್ರೆ ಲೈಟ್ ತಂದ ದಿನವೇ ಫುಲ್ ಇಡ್ಬೇಡಿ ಮಾರಾಯ್ರೆ, ಎರಡು ತಿಂಗಳು ಕತ್ತಲಲ್ಲಿ ಇದ್ದದ್ದು, ಒಳಗಿನ ಪಾಚಿ ಕಮ್ಮಿಯಾಗಿರ್ತದೆ, ಒಮ್ಮೆಲೇ ಬಿಸಿಲಿಗೆ ಹಿಡಿದ ಹಾಗೆ ಮಾಡಿದ್ರೆ ಇದ್ದ ಪಾಚಿಯನ್ನೂ ಹೊರಗೆ ಹಾಕಿ ಇನ್ನಷ್ಟು ಬಿಳಿಚ್ತದೆ. ನೂರಕ್ಕೆ 25-30ರಲ್ಲಿ ಶುರು ಮಾಡಿ ಮೂರು ವಾರದಲ್ಲಿ ಮೆಲ್ಲ ಮೆಲ್ಲ ಏರಿಸಿ. ಅಡಿಕೆ ಸಸಿಯನ್ನು ನೆರಳಿಂದ ಬಿಸಿಲಿಗೆ ಹೇಗೆ ತರ್ತೀರಿ, ಹಾಗೆಯೇ.

ಬಿಳಿ ಅಂದ ಕೂಡ್ಲೆ ಒಂದು ಮಾತು ಹೇಳ್ಬೇಕು. ಎಷ್ಟೋ ಜನ ಬಿಳಿ ಅನಿಮೋನ್ ಚಂದ ಉಂಟು ಅಂತಲೇ ಆಯ್ದು ತರ್ತಾರೆ, ಹಾಲಿನ ಹಾಗೆ ಬಿಳಿ, ತುದಿಯಲ್ಲಿ ಮಾತ್ರ ನೇರಳೆ. ಅದು ಕಾಯಿಲೆಯ ಬಣ್ಣ. ಸಾಗಾಟದಲ್ಲಿ ಬಿಸಿಗೆ, ಕತ್ತಲೆಗೆ ಪಾಚಿ ಎಲ್ಲ ಕಳಕೊಂಡದ್ದು. ಇನ್ನು ಕಣ್ಣು ಕುಕ್ಕುವ ಹಳದಿ, ಕಡುಗುಲಾಬಿ, ನೀಲಿ ಅಂತ ಬರ್ತದಲ್ಲ, ಅವುಗಳಲ್ಲಿ ತುಂಬಾ ಬಣ್ಣದ ನೀರಲ್ಲಿ ಮುಳುಗಿಸಿದ್ದು, ಬಣ್ಣ ಹಿಡಿಸ್ಲಿಕ್ಕೆ ಮೊದಲೇ ಬಿಳಿಚಿದ್ದನ್ನು ಹಿಡೀತಾರೆ. ನಿಮ್ಮದು ತರುವಾಗ ಕಂದು ಇತ್ತಾ ಅಂತ ನೀವು ಬರೀಲಿಲ್ಲ, ಹಳೇ ಫೋಟೋ ಇದ್ರೆ ನೋಡಿ.

ಬಿಳಿಚಿದ ಅನಿಮೋನಿನ ಲೆಕ್ಕ ಸ್ವಲ್ಪ ಬೇರೆ. ಪಾಚಿ ಇಲ್ಲದ ಕಾರಣ ಗಂಜಿ ಪಾತ್ರೆ ಖಾಲಿ, ಪಾಚಿ ಮತ್ತೆ ತುಂಬುವ ತನಕ ಅದು ಬದುಕ್ಬೇಕಾದದ್ದು ಬಾಯಿಯ ಊಟದಲ್ಲೇ. ಹಾಗಾಗಿ ಐದು ದಿನ ಬಿಟ್ಟ ಮೇಲೆ ನಿಮಗೆ ನಾನು ಹೇಳುದು ಎರಡು ದಿನಕ್ಕೊಮ್ಮೆ, ಆದ್ರೆ ಗಾತ್ರ ಅಕ್ಕಿಕಾಳಿನಷ್ಟು. ಹೌದು, ಅಕ್ಕಿಕಾಳು, ಕುಚ್ಚಿಲಕ್ಕಿ ಬೇಕಾದ್ರೆ ಹಿಡ್ಕೊಳ್ಳಿ. ಮೈಸಿಸ್ ಅಂತ ಸಣ್ಣ ಸಿಗಡಿಯಂಥದ್ದು ಐಸ್ ಕ್ಯೂಬಿನ ಪ್ಯಾಕೆಟ್ಟಲ್ಲಿ ಬರ್ತದೆ, ಅದರಲ್ಲಿ ಐದಾರು ಸಾಕು. ಕಕ್ಕದೆ ಇಟ್ಕೊಂಡ್ರೆ ಎರಡನೇ ವಾರದಿಂದ ಹೆಸರುಕಾಳಿನಷ್ಟು, ಆಮೇಲೆ ಬಟಾಣಿಯಷ್ಟು, ಅದಕ್ಕಿಂತ ಮೇಲೆ ಹೋಗುವ ಅಗತ್ಯವೇ ಇಲ್ಲ. ಮತ್ತೆ ಕಕ್ಕಿದ್ರೆ ಒಂದು ಮೆಟ್ಟಿಲು ಕೆಳಗೆ ಇಳೀರಿ. ಬಣ್ಣ ವಾಪಸ್ ಬಂದು ಮೈ ತುಂಬಿಕೊಂಡ ಮೇಲೆ ವಾರಕ್ಕೆ ಒಂದು ಸಲ, ಮನಸ್ಸು ಕೇಳದಿದ್ರೆ ಎರಡು ಸಲ. ಆರೋಗ್ಯ ಇರುವ ಬಬಲ್ ಟಿಪ್ಪಿಗೆ ಒಳ್ಳೆ ಬೆಳಕು, ಮೀನು ಇರುವ ಟ್ಯಾಂಕ್ ಇದ್ದು ತಿಂಗಳುಗಟ್ಟಲೆ ಕೈಯಿಂದ ಎಂತದ್ದೂ ಕೊಡದೆ ಚಂದ ಸಾಕಿದವರು ಉಂಟು, ಮೀನಿಗೆ ಹಾಕಿದ್ದರಲ್ಲಿ ಬಿದ್ದ ಚೂರುಪಾರೇ ಸಾಕಾಗ್ತದೆ. ತುಂಬಾ ತಿನ್ನಿಸಿದ್ರೆ ಬೇಗ ದೊಡ್ಡದಾಗ್ತದೆ, ಕೆಲವು ಸಲ ಎರಡಾಗಿ ಸೀಳಿಕೊಳ್ತದೆ. ಒಂದಕ್ಕೆ ಎರಡು ಸಿಕ್ಕಿತು ಅಂತ ಖುಷಿಪಡ್ಬೇಡಿ, ಆರೋಗ್ಯ ಕೆಟ್ಟಾಗಲೂ ಅದು ಹಾಗೆ ಸೀಳ್ತದೆ.

ಈಗ ಎಂತ ಕೊಡುದು ಅನ್ನುವ ವಿಷಯ. ಇದರಲ್ಲಿ ನಮ್ಮ ಕಾಸರಗೋಡಿನವರಿಗೆ ಗಮ್ಮತ್ತು, ಬೇರೆ ಊರಿನವರು ದುಡ್ಡು ಕೊಟ್ಟು ಪ್ಯಾಕೆಟ್ ತರಿಸುವ ಮಾಲು ನಮ್ಮ ಮನೆ ಗೇಟಿಗೆ ಸ್ಕೂಟರಲ್ಲಿ ಹಾರ್ನ್ ಹೊಡ್ಕೊಂಡು ಬರ್ತದೆ. ಸಿಗಡಿ, ನೀವು ಎಟ್ಟಿ ಅನ್ನಿ ಚೆಮ್ಮೀನ್ ಅನ್ನಿ, ಒಳ್ಳೆಯದು. ಬೊಂಡಾಸ್ (ಸ್ಕ್ವಿಡ್) ಒಳ್ಳೆಯದು, ಆದ್ರೆ ರಬ್ಬರಿನ ಹಾಗೆ ಇರ್ತದೆ, ತೀರ ಸಣ್ಣ ಮಾಡ್ಬೇಕು. ಮರುವಾಯಿ, ಕಲ್ಲುಮ್ಮಕ್ಕಾಯಿ ಅಂತ ಚಿಪ್ಪಿನ ಜೀವಿಗಳ ಒಳಗಿನ ಮಾಂಸ ಬಹಳ ಒಳ್ಳೆಯದು, ನನ್ನ ಅನಿಮೋನುಗಳು ಸಿಗಡಿಗಿಂತ ಬೇಗ ಹಿಡಿಯುದು ಅದನ್ನೇ, ಮೆತ್ತಗೆ ಇರುದರಿಂದ ಬೇಗ ಕರಗ್ತದೆ ಸಹ. ಬಿಳಿ ಮಾಂಸದ ಕಡಲಮೀನು ಯಾವುದಾದ್ರೂ ಆಗ್ತದೆ. ಬೂತಾಯಿ (ಸಾರ್ಡೀನ್) ಬೇಡ, ಬಂಗುಡೆಯೂ ಬೇಡ, ಎಣ್ಣೆ ಜಾಸ್ತಿ, ನೀರಿನ ಮೇಲೆ ಜಿಡ್ಡು ಕಟ್ತದೆ, ಮತ್ತೆ ಬೂತಾಯಿಯ ಬಳಗದ ಮೀನುಗಳಲ್ಲಿ ಬಿ1 ವಿಟಮಿನ್ ಹಾಳು ಮಾಡುವ ಒಂದು ಕಿಣ್ವ ಇರ್ತದೆ, ಅದನ್ನೇ ದಿನಾ ಹಾಕಿದ್ರೆ ಒಳ್ಳೆದಲ್ಲ. ಸಣ್ಣ ಮೀನನ್ನು ಇಡಿಯಾಗಿ ಕರುಳು ಮುಳ್ಳು ಸಮೇತ ಹಾಕುವ ಕ್ರಮವೂ ಕೆಲವರಿಗೆ ಉಂಟು, ಬೇಡ, ಹೊಟ್ಟೆಯೊಳಗಿನದ್ದೇ ಮೊದಲು ಕೊಳೆಯುದು. ಸಿಹಿನೀರಿನ ಗಪ್ಪಿ ಹಿಡಿದು ಜೀವಂತ ಹಾಕುದಂತೂ ನೋಡ್ಲಿಕ್ಕೂ ಚಂದ ಇಲ್ಲ, ಅನಿಮೋನಿಗೆ ಲಾಭವೂ ಇಲ್ಲ. ಬೇಯಿಸಿದ್ದು ಬೇಡ. ಉಪ್ಪು ಅರಸಿನ ಹಚ್ಚಿದ್ದು ಖಂಡಿತಾ ಬೇಡ, ನಗ್ಬೇಡಿ, ಉಪ್ಪಳದ ಒಬ್ರು ಅಡುಗೆಮನೆಯಲ್ಲಿ ಮ್ಯಾರಿನೇಟ್ ಮಾಡಿಟ್ಟ ಪಾತ್ರೆಯಿಂದ ಒಂದು ತುಂಡು ತೆಗೆದು ತೊಳೆದು ಹಾಕಿ ಆಮೇಲೆ ನನಗೆ ಫೋನ್ ಮಾಡಿದ್ದು ಉಂಟು.

ಮಾರ್ಕೆಟಿನ ಸಿಗಡಿ ಆದ್ರೆ ಚಿಪ್ಪು, ತಲೆ, ಬೆನ್ನಿನ ಕಪ್ಪು ನರ ಎಲ್ಲ ತೆಗೀಬೇಕು, ಒಳ್ಳೆ ನೀರಲ್ಲಿ ಎರಡು ಮೂರು ಸಲ ತೊಳೀಬೇಕು, ಐಸಿನ ಒಟ್ಟಿಗೆ ಎಂತ ಪುಡಿ ಸೇರಿಸಿರ್ತಾರೆ ಅಂತ ನಮಗೆ ಕಾಣುದಿಲ್ಲ. ಆಮೇಲೆ ಬಟಾಣಿಗಿಂತ ಸಣ್ಣ ಮಾಡಿ ಒಂದು ಡಬ್ಬಿಯಲ್ಲಿ ಹರಡಿ ಫ್ರೀಜರಲ್ಲಿ ಇಟ್ಟು, ಬೇಕಾದಾಗ ಒಂದೊಂದೇ ತುಂಡು ತೆಗೆದು ಟ್ಯಾಂಕಿನ ನೀರಲ್ಲೇ ಕರಗಿಸಿ ಕೊಡುದು. ಈಗ ಜುಲೈ, ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 10ರ ಹತ್ತಿರ ಶುರುವಾದ್ರೆ ಜುಲೈ 31ರ ತನಕ, 52 ದಿನ, ಅತ್ಲಾಗೆ ಕರ್ನಾಟಕದಲ್ಲೂ ಜೂನ್ ಜುಲೈ ಬಂದ್. ಈ ಸಮಯಕ್ಕೆ ಸಿಗುವ ಸಿಗಡಿ ಎಷ್ಟು ದಿನದ್ದು ಅಂತ ಹೇಳ್ಲಿಕ್ಕೆ ಬರುದಿಲ್ಲ, ಸಾಕಣೆಯ ವನಾಮಿ ಸಿಗಡಿ ಸಿಕ್ಕಿದ್ರೆ ಧೈರ್ಯದಲ್ಲಿ ತಗೊಳ್ಳಿ. ನಾನಾದ್ರೆ ಮೇ ತಿಂಗಳಲ್ಲೇ ಕಾಲು ಕಿಲೋ ಕತ್ತರಿಸಿ ಇಡ್ತೇನೆ, ಇಡೀ ಮಳೆಗಾಲಕ್ಕೆ ಬರ್ತದೆ.

ಆದ್ರೆ ನಿಮಗೆ ಫ್ರೀಜರೇ ಸಮಸ್ಯೆ ಅಲ್ವಾ, ಅಮ್ಮ ಇಟ್ಟ ಹಾಲು ಮಜ್ಜಿಗೆಯ ಪಕ್ಕ ಸಿಗಡಿ ಡಬ್ಬಿ ಇಡ್ಲಿಕ್ಕೆ ನಾನೂ ಹೇಳುದಿಲ್ಲ. ನಿಮ್ಮ ಹಾಗಿನ ಮನೆಗೆ ಒಣಗಿಸಿದ ಮಾಲೇ ಒಳ್ಳೆಯದು. ಫ್ರೀಜ್ ಡ್ರೈ ಮಾಡಿದ ಮೈಸಿಸ್ ಡಬ್ಬಿಯಲ್ಲಿ ಬರ್ತದೆ, ವಾಸನೆ ಹೆಚ್ಚಿಲ್ಲ, ಹೊರಗೆ ಇಡ್ಬಹುದು, ಹತ್ತು ನಿಮಿಷ ಟ್ಯಾಂಕಿನ ನೀರಲ್ಲಿ ನೆನೆಸಿ ಕೊಡುದು. ಮುಳುಗುವ ಮೆತ್ತನೆ ಪೆಲೆಟ್ಟೂ ಆಗ್ತದೆ, ಒಂದು ಸಲಕ್ಕೆ ಮೂರು ನಾಲ್ಕು. ಒಣಗಿದ್ದನ್ನು ನೆನೆಸದೆ ಹಾಕ್ಬೇಡಿ, ಹೊಟ್ಟೆಯೊಳಗೆ ಹೋಗಿ ಉಬ್ಬುದು ಬೇಡ. ಬ್ರೈನ್ ಶ್ರಿಂಪ್ ಅಂತ ಉಪ್ಪುನೀರಿನ ಇನ್ನೊಂದು ಸಣ್ಣ ಜೀವಿ ಅಗ್ಗಕ್ಕೆ ಸಿಕ್ತದೆ, ಅದರಲ್ಲಿ ಸತ್ವ ಕಮ್ಮಿ, ಬರೀ ಅದನ್ನೇ ನಂಬ್ಬೇಡಿ. ಸಸ್ಯಾಹಾರಿ ಅನಿಮೋನ್ ಅಂತ ಒಂದು ಇಲ್ಲ ಮಾಷ್ಟ್ರೇ, ಅಷ್ಟು ಅಮ್ಮನಿಗೆ ಹೇಳಿಬಿಡಿ.

ಈಗ ಪಂಪ್‌ಶೆಡ್. ನಿಮ್ಮ ಶೆಡ್ಡಲ್ಲಿ ಮೈಲುತುತ್ತಿನ ಚೀಲ, ಸುಣ್ಣದ ಡ್ರಮ್, ಮದ್ದು ಬಿಡುವ ಗಟಾರ್ ಪಂಪ್ ಎಲ್ಲ ಅಲ್ಲೇ ಇರ್ತದಲ್ವಾ? ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಸಮಯವೂ ಇದೇ, ಮಳೆ ಶುರುವಿಗೆ ಒಂದು ಸಲ, ಒಂದೂವರೆ ತಿಂಗಳು ಬಿಟ್ಟು ಇನ್ನೊಂದು ಸಲ. ಆ ಮದ್ದು ಮೈಲುತುತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣ, ಬೋರ್ಡೋ ಅಂದ್ರೆ ತಾಮ್ರ. ಮೀನಿಗೆ ವೈಟ್ ಸ್ಪಾಟ್ ಅಂತ ಬಿಳಿ ಚುಕ್ಕಿಯ ರೋಗ ಬಂದ್ರೆ ತಾಮ್ರದ ಮದ್ದು ಹಾಕ್ತಾರೆ, ಲೀಟರಿಗೆ 0.2 ಮಿಲಿಗ್ರಾಂ ಹತ್ತಿರ ಇದ್ರೆ ಮೀನು ತಡ್ಕೊಳ್ತದೆ, ಅನಿಮೋನ್, ಸಿಗಡಿ, ಬಸವನಹುಳು ತಡ್ಕೊಳ್ಳುದಿಲ್ಲ, ಹಾಗಾಗಿಯೇ ಆ ಮದ್ದನ್ನು ಬೇರೆ ಟ್ಯಾಂಕಲ್ಲಿ ಮಾಡುದು. ಈಗ ಲೆಕ್ಕ ಹಾಕಿ ನೋಡಿ, ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಅದರ ತೂಕದಲ್ಲಿ ಕಾಲು ಭಾಗ ತಾಮ್ರ, ಅಂದ್ರೆ ಒಂದು ಲೀಟರ್ ದ್ರಾವಣದಲ್ಲಿ ಎರಡೂವರೆ ಗ್ರಾಂ. ನಿಮ್ಮ 200 ಲೀಟರಿನ ಟ್ಯಾಂಕಿಗೆ ಆ ದ್ರಾವಣ 16 ಎಂಎಲ್, ಮೂರು ಚಮಚ, ಅಷ್ಟು ಸೇರಿದ್ರೆ ಪೂರಾ ಕರಗಿದ ಲೆಕ್ಕದಲ್ಲಿ 0.2 ಆಗಿಬಿಡ್ತದೆ. ಸುಣ್ಣ ಇರುದರಿಂದ ಪೂರಾ ಕರಗುದಿಲ್ಲ ಸರಿ, ಆದ್ರೆ ಅನಿಮೋನಿಗೆ ಕಿರಿಕಿರಿ ಮಾಡ್ಲಿಕ್ಕೆ ಅಷ್ಟೆಲ್ಲ ಬೇಕಾಗುದೂ ಇಲ್ಲ. ಸಿಗಡಿ ಕತ್ತರಿಸಿದ ಹಲಗೆ, ಕತ್ತಿ, ತೊಳೆದ ಬಕೆಟ್, ತೋಟದಿಂದ ಬಂದ ಕೈ, ಬಾಟಲಿಯ ಮುಚ್ಚಳ, ಎಲ್ಲಿಂದಲೂ ಚೂರು ಚೂರು ಬರ್ತದೆ, ಬಂದದ್ದು ಟ್ಯಾಂಕಿನ ಕಲ್ಲು ಮರಳಿಗೆ ಹಿಡಿದುಕೊಂಡು ಕೂರ್ತದೆ. ನಾಳೆಯಿಂದ ಆ ಶೆಡ್ಡಿಗೂ ಟ್ಯಾಂಕಿಗೂ ಸಂಬಂಧ ಕಡಿಯಿರಿ. ಟ್ಯಾಂಕಿನ ಬಕೆಟ್, ಪೈಪ್, ಕತ್ತರಿ ಬೇರೆಯೇ ಇರ್ಲಿ, ಮದ್ದು ಬಿಟ್ಟ ದಿನ ಟ್ಯಾಂಕಿಗೆ ಕೈ ಹಾಕ್ಲೇಬೇಡಿ, ಸೋಪು ಹಾಕಿ ತೊಳೆದೆ ಅಂತಲೂ ಬೇಡ, ಸೋಪೂ ಒಳ್ಳೆದಲ್ಲ. ಕಾಪರ್ ಟೆಸ್ಟ್ ಕಿಟ್ ಒಂದು ತರಿಸಿ ನೋಡಿ, ಚೂರು ಕಂಡ್ರೂ ತಾಮ್ರ ಎಳೆಯುವ ಪ್ಯಾಡ್ ಫಿಲ್ಟರಲ್ಲಿ ಇಟ್ಟು, ಎರಡು ದಿನಕ್ಕೊಮ್ಮೆ ಐದನೇ ಒಂದು ಭಾಗ ನೀರು ಬದಲಿಸಿ.

ಸುರಂಗದ ನೀರಿನ ಬಗ್ಗೆಯೂ ಇದೇ ಅನುಮಾನ. ಸುರಂಗದ ನೀರು ನಮಗೆ ಕುಡೀಲಿಕ್ಕೆ ಅಮೃತ, ಮುರಕಲ್ಲಿನ ಒಳಗಿಂದ ಬರುದು, ಗಡಸುತನ ಕಮ್ಮಿ. ಆದ್ರೆ ಗುಡ್ಡದ ಮೇಲೆ ತೋಟ ಇದ್ದು ಕೆಳಗೆ ಸುರಂಗ ಇದ್ರೆ ಮೇಲೆ ಹಾಕಿದ ಗೊಬ್ಬರದ ನೈಟ್ರೇಟ್ ಇಳಿದು ಬರುವ ಸಾಧ್ಯತೆ ಇದ್ದೇ ಉಂಟು, ಮತ್ತೆ ಟ್ಯಾಂಕಲ್ಲಿ ಆವಿಯಾಗಿ ಹೋಗುದು ನೀರು ಮಾತ್ರ, ನೀವು ಮೇಲಿಂದ ಹಾಕಿದ್ದರಲ್ಲಿ ಇರುವ ಕಸರು ಅಲ್ಲೇ ಉಳಿದು ತಿಂಗಳಿಂದ ತಿಂಗಳಿಗೆ ದಪ್ಪ ಆಗ್ತದೆ. ಆರ್‌ಓ ಫಿಲ್ಟರಿನ ನೀರು ಹಾಕಿ, ಉಳಿದ ಲವಣವನ್ನೂ ತೆಗೆಯುವ ಡಿಐ ಹಂತ ಇದ್ರೆ ಇನ್ನೂ ಒಳ್ಳೆಯದು. ಕುಂಬಳೆ ಕಡಲಿನ ನೀರು ಜನವರಿಯಲ್ಲಿ ತಂದ್ರೆ ನಾನು ಎಂತ ಹೇಳ್ತಿರ್ಲಿಲ್ಲ, ಈಗ ಮಳೆಗಾಲದಲ್ಲಿ ಕುಂಬಳೆ ಹೊಳೆ, ಶಿರಿಯ ಹೊಳೆ ಎಲ್ಲ ಕೆಂಪಾಗಿ ಹೋಗಿ ಅಲ್ಲಿಗೇ ಸೇರುದು, ಉಪ್ಪು ಇಳಿದಿರ್ತದೆ, ಮಣ್ಣಿರ್ತದೆ, ತೋಟದಿಂದ ತೊಳೆದು ಬಂದದ್ದೂ ಇರ್ತದೆ. ಮಳೆಗಾಲಕ್ಕೆ ಮರೈನ್ ಸಾಲ್ಟ್ ಕಲಸಿಯೇ ಮಾಡಿ. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಲ್ಲಿ 1.025, ಬಿಸಿ 25-26 ಡಿಗ್ರಿ, ಅಮೋನಿಯ ನೈಟ್ರೈಟ್ ಸೊನ್ನೆ. ಇಷ್ಟು ಸರಿ ಇಲ್ಲದ ನೀರಲ್ಲಿ ಇರುವ ಅನಿಮೋನಿಗೆ ಯಾವ ಊಟ ಕೊಟ್ರೂ ಅದು ಬಾಯಿ ಬಿಟ್ಕೊಂಡೇ ಕೂತಿರ್ತದೆ.

ಕೊಡುವ ಕ್ರಮ ಹೇಳ್ತೇನೆ. ನೀರು ಅಲೆಯಾಡಿಸುವ ವೇವ್‌ಮೇಕರ್, ಫಿಲ್ಟರ್ ಹತ್ತು ಹದಿನೈದು ನಿಮಿಷ ಬಂದ್ ಮಾಡಿ, ಮರೀದೆ ಮತ್ತೆ ಹಾಕ್ಲಿಕ್ಕೆ ಮೊಬೈಲಲ್ಲಿ ಅಲಾರಂ ಇಡಿ. ಪ್ಲಾಸ್ಟಿಕ್ಕಿನ ಉದ್ದ ಚಿಮಟ ಅಥವಾ ಸಿರಿಂಜಿಗೆ ಏರ್ ಪೈಪಿನ ತುಂಡು ಸಿಕ್ಕಿಸಿದ್ದು ಸಾಕು. ಹಿಡಿಸೂಡಿ ಕಡ್ಡಿಯಲ್ಲಿ ಚುಚ್ಚಿ ಕೊಡುವವರನ್ನು ನೋಡಿದ್ದೇನೆ, ಆ ಮೊನೆ ಬಾಯಿಯ ಸುತ್ತಿನ ಮೆತ್ತನೆ ಚರ್ಮಕ್ಕೆ ತಾಗಿದ್ರೆ ಗಾಯವೇ. ತುಂಡನ್ನು ಬಾಯಿಗೆ ಒತ್ತುದು ಬೇಡ, ಬೆರಳಿನ ಹಾಗೆ ಚಾಚಿದ ಅದರ ಹೊರಗಿನ ಕೈಗಳಿಗೆ ಮೆಲ್ಲ ತಾಗಿಸಿ ಬಿಟ್ಟುಬಿಡಿ, ಅಂಟಿದ್ರೆ ಅದೇ ಮಡಚಿ ಬಾಯಿಗೆ ತಗೊಂಡು ಹೋಗ್ತದೆ, ಅಂಟದೆ ಜಾರಿದ್ರೆ ಅದಕ್ಕೆ ಇವತ್ತು ಬೇಡ ಅಂತ ಅರ್ಥ. ಬಿಳಿಚಿದವುಗಳಿಗೆ ಅಂಟುವ ಶಕ್ತಿ ಕಮ್ಮಿ, ಆಗ ಒಂದು ನಿಮಿಷ ತಾಳ್ಮೆಯಲ್ಲಿ ಅಲ್ಲೇ ಹಿಡಿದು ನಿಲ್ಲಿ. ನಿಮ್ಮ ಮೀನುಗಳು ಬಂದು ಕಸಿದುಕೊಂಡು ಹೋದ್ರೆ ಮೊದಲು ಅವುಗಳ ಹೊಟ್ಟೆ ತುಂಬಿಸಿ. ಟ್ಯಾಂಕಲ್ಲಿ ಕ್ಲೀನರ್ ಶ್ರಿಂಪ್ ಅನ್ನುವ ಜೀವಂತ ಸಿಗಡಿ ಇದ್ರೆ ಅದು ದೊಡ್ಡ ಕಳ್ಳ, ಅನಿಮೋನಿನ ಬಾಯಿಯೊಳಗೆ ಕೈ ಹಾಕಿ ನುಂಗಿದ್ದನ್ನೇ ಎಳೀತದೆ, ಅದಕ್ಕೆ ನಾನು ಎರಡು ಲೀಟರಿನ ನೀರಿನ ಬಾಟಲಿಯ ಬುಡ ಕತ್ತರಿಸಿ ಅನಿಮೋನಿನ ಮೇಲೆ ಬುಟ್ಟಿಯ ಹಾಗೆ ಕವುಚಿ, ಬಾಟಲಿಯ ಬಾಯಿಯಿಂದ ಊಟ ಇಳಿಸುದು. ಇಪ್ಪತ್ತು ನಿಮಿಷ ಬಿಟ್ಟು ತೆಗೀಬೇಕು. ಅರ್ಧ ಗಂಟೆ ಕಳೆದೂ ತಿನ್ನದೆ ಬಿದ್ದದ್ದನ್ನು ಸೈಫನ್ ಮಾಡಿ ತೆಗೀರಿ.

ಈ ತೆಗೆಯುವ ವಿಷಯ ನಾನು ಪುಸ್ತಕದಿಂದ ಕಲಿತದ್ದಲ್ಲ. ಸುಮಾರು ವರ್ಷದ ಹಿಂದೆ ಮನೆಯಲ್ಲಿ ಮಗಳ ಹುಟ್ಟುಹಬ್ಬ, ನೆಂಟರು ಮಕ್ಕಳು ಎಲ್ಲ ಟ್ಯಾಂಕಿನ ಎದುರು, ನನಗೂ ಸ್ವಲ್ಪ ಶೋ ಮಾಡುವ ಹುಚ್ಚು. ಕಾರ್ಪೆಟ್ ಅನಿಮೋನಿಗೆ ಇಡೀ ಒಂದು ಟೈಗರ್ ಸಿಗಡಿ ಚಿಪ್ಪು ಸಮೇತ ಕೊಟ್ಟೆ, ಅದು ಮಡಚಿ ನುಂಗಿತು, ಮಕ್ಕಳೆಲ್ಲ ಬೊಬ್ಬೆ ಹಾಕಿ ಚಪ್ಪಾಳೆ ಹೊಡೆದ್ರು. ರಾತ್ರಿ ಗುಡುಗು ಮಳೆ, ಕರೆಂಟ್ ಹೋಯ್ತು, ಇನ್ವರ್ಟರಿಗೆ ಟ್ಯಾಂಕ್ ಕನೆಕ್ಷನ್ ಕೊಟ್ಟಿರ್ಲಿಲ್ಲ. ಬೆಳಿಗ್ಗೆ ಎದ್ದು ನೋಡುವಾಗ ನೀರು ಅಕ್ಕಿ ತೊಳೆದ ನೀರಿನ ಹಾಗೆ, ಕಕ್ಕಿದ ಸಿಗಡಿ ಕಲ್ಲಿನ ಹಿಂದೆ ಸಿಕ್ಕಿ ನಾರ್ತಾ ಉಂಟು, ಎರಡು ಕ್ಲೌನ್ ಅಡ್ಡ ಬಿದ್ದಿವೆ, ಅನಿಮೋನ್ ಬಾಯಿ ತೆರೆದು ಸಡಿಲ ಆಗಿದೆ. ಎರಡು ದಿನದಲ್ಲಿ ಅದೂ ಹೋಯ್ತು. ಕರೆಂಟಿಗೆ ಬೈದು ಎಂತ ಪ್ರಯೋಜನ, ಸಿಗಡಿ ಹಾಕಿದ್ದು ನಾನು. ಈಗ ಬ್ಯಾಟರಿಯ ಏರ್ ಪಂಪ್ ಒಂದು ಯಾವಾಗಲೂ ಟ್ಯಾಂಕಿನ ಬದಿಯಲ್ಲೇ ನೇತಾಡ್ತಿರ್ತದೆ.

ಕ್ಲೌನ್ ಮೀನಿನದ್ದೂ ಒಂದು ಮಾತು, ನೀವು ಕೇಳ್ಲಿಲ್ಲ, ಆದ್ರೂ. ಅವು ಅನಿಮೋನಿನೊಳಗೆ ಕೂರುದಿಲ್ಲ ಅಂತಾದ್ರೆ ಅದಕ್ಕೆ ಊಟದ ಸಂಬಂಧ ಇಲ್ಲ. ಕ್ಲೌನ್ ಮೀನಿಗೆ ಆಸರೆ ಕೊಡುವ ಅನಿಮೋನ್ ಅಂತ ಲೆಕ್ಕಕ್ಕೆ ಹಿಡಿದದ್ದು ಹತ್ತು ಜಾತಿ, ಒಸೆಲ್ಲಾರಿಸ್ ಕಡಲಲ್ಲಿ ಇರುದು ಅದರಲ್ಲಿ ಮೂರರಲ್ಲಿ ಮಾತ್ರ, ಬಬಲ್ ಟಿಪ್ ಆ ಮೂರರಲ್ಲಿ ಇಲ್ಲ. ಕ್ಲಾರ್ಕಿ ಜಾತಿಯ ಕ್ಲೌನ್ ಹತ್ತರಲ್ಲೂ ಇರ್ತದೆ. ಟ್ಯಾಂಕಲ್ಲಿ ಒಸೆಲ್ಲಾರಿಸ್ ಎಷ್ಟೋ ಸಲ ತಿಂಗಳುಗಟ್ಟಲೆ ನೋಡಿ ನೋಡಿ ಆಮೇಲೆ ಬಬಲ್ ಟಿಪ್ಪಿಗೆ ಹೋಗ್ತದೆ. ಹೋದ ಮೇಲೆ ನಿಮ್ಮ ಕೆಲಸ ಅರ್ಧ ಕಮ್ಮಿ, ಮೀನಿನ ಹೊಲಸಿಂದ ಬರುವ ಅಮೋನಿಯ ಒಳಗಿನ ಪಾಚಿಗೆ ಗೊಬ್ಬರ, ಮತ್ತೆ ಕೆಲವು ಮೀನುಗಳು ತುಂಡು ಸಿಕ್ಕಿದ್ರೆ ಕಚ್ಚಿಕೊಂಡು ಹೋಗಿ ಅನಿಮೋನಿಗೇ ಕೊಡ್ತವೆ. ಆದ್ರೆ ಈಗ ಇರುವ ಸ್ಥಿತಿಯಲ್ಲಿ ಅವು ಒಳಗೆ ಹೊರಳಾಡದೆ ಇದ್ರೇ ಒಳ್ಳೆಯದು, ಸೊರಗಿದ ಮೈಗೆ ಆ ಉಜ್ಜಾಟ ಬೇಡ. ತುಂಬಾ ಉಪದ್ರ ಮಾಡಿದ್ರೆ ಮಧ್ಯ ಒಂದು ಜಾಲರಿ ಇಡಿ.

ಉಳೀತದಾ ಅಂತ ನಿಮ್ಮ ಮನಸ್ಸಲ್ಲಿ ಇರ್ತದೆ. ಅನಿಮೋನ್ ಅಂದ್ರೆ ಸುಲಭಕ್ಕೆ ಸಾಯುವ ಜಾತಿ ಅಲ್ಲ, ಊಟ ಸಿಗದಿದ್ರೆ ತನ್ನ ಮೈಯನ್ನೇ ಕರಗಿಸಿ ಸಣ್ಣದಾಗಿ ಸಣ್ಣದಾಗಿ ತಿಂಗಳು ತಿಂಗಳು ತಳ್ತದೆ, ನೀವು ನೋಡಿದ ಆ ಸೊರಗುದು ಅದೇ. ಸ್ಕಾಟ್ಲೆಂಡಲ್ಲಿ ಜಾನ್ ಡ್ಯಾಲಿಯೆಲ್ ಅಂತ ಒಬ್ರು 1828ರಲ್ಲಿ ಕಡಲ ಬದಿಯಿಂದ ತಂದು ಗಾಜಿನ ಜಾಡಿಯಲ್ಲಿ ಇಟ್ಟ ಒಂದು ಅನಿಮೋನ್, ಅವರು 1851ರಲ್ಲಿ ತೀರಿಹೋದ ಮೇಲೂ ಕೈಯಿಂದ ಕೈಗೆ ದಾಟಿ 1887ರ ತನಕ ಬದುಕಿತ್ತು, ಗ್ರಾನಿ ಅಂತಲೇ ಅದಕ್ಕೆ ಹೆಸರು ಬಿದ್ದಿತ್ತು, ಅಜ್ಜಿ. ಅದು ಪಾಚಿ ಇಲ್ಲದ ಜಾತಿ, ಬೆಳಕಿನ ಹಂಗಿಲ್ಲ, ಹಾಗಾಗಿ ನಿಮ್ಮದಕ್ಕೂ ಅದಕ್ಕೂ ಪೂರಾ ಹೋಲಿಕೆ ಆಗುದಿಲ್ಲ, ಆದ್ರೆ ಪಂಪ್ ಇಲ್ಲ, ಚಿಲ್ಲರ್ ಇಲ್ಲ, ಜಾಡಿಯಲ್ಲಿ 59 ವರ್ಷ.

ಪಾದ ಕಲ್ಲಿಗೆ ಹಿಡಿದುಕೊಂಡೇ ಉಂಟಾ, ಬಾಯಿ ಬಿಗಿಯಾಗಿ ಮುಚ್ಚಿರ್ತದಾ, ಈ ಎರಡು ನೋಡಿ. ಎರಡೂ ಹೌದು ಅಂತಾದ್ರೆ ಬಿಳಿಚಿದ್ರೂ ಆಸೆ ಉಂಟು, ಮೂರು ನಾಲ್ಕು ತಿಂಗಳು ಹಿಡಿದೀತು. ದಿನಕ್ಕೆ ಒಂದೆರಡು ಸಲ ಚಪ್ಪಟೆಯಾಗಿ ಕುಗ್ಗಿ ಮತ್ತೆ ಉಬ್ಬಿದ್ರೆ ಗಾಬರಿ ಬೇಡ, ಒಳಗಿನ ನೀರು ಬದಲಿಸುದು ಅದು. ಬಾಯಿ ಅಗಲಕ್ಕೆ ತೆರೆದು ಒಳಗಿನ ಪದರ ಹೊರಗೆ ಜೋತುಬಿದ್ದು, ಪಾದ ಬಿಟ್ಟು, ಮುಟ್ಟಿದ್ರೆ ಲೋಳೆಯಾಗಿ ಕೈಗೆ ಬಂದ್ರೆ ಮಾತ್ರ ಕಾಯ್ಬೇಡಿ, ಆ ಗಳಿಗೆಯಲ್ಲೇ ಹೊರಗೆ ತೆಗೀರಿ, ಸತ್ತ ಅನಿಮೋನ್ ಒಂದು ರಾತ್ರಿ ಟ್ಯಾಂಕಲ್ಲಿ ಉಳಿದ್ರೆ ಮೀನೂ ಉಳಿಯುದಿಲ್ಲ. ಅನುಮಾನ ಇದ್ರೆ ಒಂದು ಬಟ್ಟಲಲ್ಲಿ ನೀರು ಸಮೇತ ತೆಗೆದು ಮೂಸಿ ನೋಡಿ, ಆ ವಾಸನೆ ಒಮ್ಮೆ ಗೊತ್ತಾದ್ರೆ ಮತ್ತೆ ಯಾರನ್ನೂ ಕೇಳ್ಲಿಕ್ಕಿಲ್ಲ.

ಲೈಟ್ ತಂದ ಮೇಲೆ ಪ್ರತಿ ಆದಿತ್ಯವಾರ ಒಂದೇ ಜಾಗದಲ್ಲಿ ನಿಂತು ಒಂದು ಫೋಟೋ ತೆಗೆದಿಡಿ, ನೀಲಿ ಲೈಟ್ ಆಫ್ ಮಾಡಿ ಬರೀ ಬಿಳಿಯಲ್ಲಿ, ನೀಲಿಯಲ್ಲಿ ಬಿಳಿಚಿದ್ದೂ ಹೊಳೆದು ಕಾಣ್ತದೆ. ಬಾಯಿಯ ಸುತ್ತ, ಕೈಗಳ ಬುಡದಲ್ಲಿ ಚಹಾ ಕಲೆಯ ಹಾಗೆ ತಿಳಿ ಕಂದು ಕಾಣ್ಲಿಕ್ಕೆ ಶುರುವಾದ ವಾರ ನನಗೆ ಕಳಿಸಿ, ಅವತ್ತಿಂದ ಎರಡು ದಿನಕ್ಕೊಮ್ಮೆ ಇದ್ದದ್ದನ್ನು ನಾಲ್ಕು ದಿನಕ್ಕೆ ಇಳಿಸುವ.